‘ಕೀಳರಿಮೆ’ ಎಂಬ ಮಾತಿನ ಸುತ್ತ

ದಲಿತ ವಿದ್ಯಾರ್ಥಿ ತರಗತಿಯಲ್ಲಿ ಬಾಯಿ ಬಿಡದಿದ್ದರೆ, ಸೆಮಿನಾರಿನಲ್ಲಿ ತಡವರಿಸಿದರೆ, ಸಂದರ್ಶನದಲ್ಲಿ ಬೆವೆತರೆ ನಮ್ಮ ಸ್ಟಾಫ್ ರೂಮುಗಳಲ್ಲಿ ಒಂದು ಪದ ಸಿದ್ಧವಾಗಿರುತ್ತದೆ: ಕೀಳರಿಮೆ. ‘ಹುಡುಗ ಬುದ್ಧಿವಂತನೇ, ಆದ್ರೆ ಕೀಳರಿಮೆ, ಪಾಪ’ ಅಂತ ಮೇಷ್ಟ್ರುಗಳು ಕನಿಕರದಿಂದಲೇ ಹೇಳುತ್ತಾರೆ. ಈ ಪದ ನಮ್ಮ ವಿಮರ್ಶೆಯೊಳಕ್ಕೂ ನುಗ್ಗಿದೆ. ದಲಿತ ಆತ್ಮಕಥನಗಳ ಬಗ್ಗೆ ಬರೆಯುವ ಕೆಲವರು ನಿರೂಪಕನ ಹಿಂಜರಿಕೆಗೆ ‘ಕೀಳರಿಮೆಯ ಮನಸ್ಥಿತಿ’ ಎಂದು ಹೆಸರಿಟ್ಟು ಮುಂದಿನ ಪ್ಯಾರಾಕ್ಕೆ ಹೋಗಿಬಿಡುತ್ತಾರೆ. ಮನಶ್ಶಾಸ್ತ್ರದಿಂದ ಬಂದಂತೆ ಕಾಣುವ ಈ ಪದ ರೋಗವನ್ನು ಹುಡುಗನ ಒಳಗೆ ಇಟ್ಟು, ತರಗತಿಗೆ ಆರೋಗ್ಯದ ಸರ್ಟಿಫಿಕೇಟ್ ಕೊಟ್ಟುಬಿಡುತ್ತದೆ.

ಇದು ನಿಜವೇ ಎಂದು ಕೇಳಿಕೊಳ್ಳಲು ಸಮಾಜವಿಜ್ಞಾನದ ಒಂದು ಪ್ರಯೋಗ ನಮಗೆ ನೆರವಾಗುತ್ತದೆ. ಅಂಕಿಅಂಶ ಅಂದರೆ ಸಾಹಿತ್ಯದವರಿಗೆ ಅಲರ್ಜಿ ಅಂತ ಗೊತ್ತು. ಆದರೂ ಸ್ವಲ್ಪ ತಾಳ್ಮೆಯಿಂದ ಓದಬೇಕೆಂದು ಕೇಳಿಕೊಳ್ಳುತ್ತೇನೆ.

ವಿಶ್ವಬ್ಯಾಂಕಿನ ಸಂಶೋಧಕರಾದ ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಉತ್ತರ ಪ್ರದೇಶದ ಹಳ್ಳಿಗಳಲ್ಲಿ ಈ ಪ್ರಯೋಗ ನಡೆಸಿ 2004ರಲ್ಲಿ ಅದರ ವರದಿ ಪ್ರಕಟಿಸಿದರು. ಮೇಲ್ಜಾತಿಯ 321 ಹುಡುಗರು, ಕೆಳಜಾತಿಯ 321 ಹುಡುಗರು, ಎಲ್ಲರೂ ಆರು-ಏಳನೇ ತರಗತಿಯ ವಯಸ್ಸಿನವರು. ಆರಾರು ಮಂದಿಯ ಗುಂಪು ಮಾಡಿ, ಕಾಗದದ ಮೇಲೆ ಅಚ್ಚಾದ ಚಕ್ರವ್ಯೂಹದಂಥ ಚಿತ್ರಗಳನ್ನು ಕೊಟ್ಟರು. ಒಳಗಿಂದ ಹೊರಗೆ ಬರುವ ದಾರಿಯನ್ನು ಪೆನ್ಸಿಲಿನಿಂದ ಗುರುತಿಸಬೇಕು. ಹದಿನೈದು ನಿಮಿಷದ ಎರಡು ಸುತ್ತು. ಒಂದು ವ್ಯೂಹ ಬಿಡಿಸಿದರೆ ಒಂದು ರೂಪಾಯಿ. ಇದಕ್ಕೆ ಇಂಗ್ಲಿಷ್ ಬೇಡ, ಮನೆಯಲ್ಲಿ ಪುಸ್ತಕವಿರಬೇಕಿಲ್ಲ, ಟ್ಯೂಷನ್ ಬೇಡ.

ಮೊದಲು ಯಾರ ಜಾತಿಯನ್ನೂ ಹೇಳದೆ ಆಟ ಆಡಿಸಿದರು. ಎರಡೂ ಕಡೆಯ ಹುಡುಗರ ಸಾಧನೆಯಲ್ಲಿ ಜಾತಿಯ ವ್ಯತ್ಯಾಸವೇ ಕಾಣಲಿಲ್ಲ. ಬೇರೆ ಗುಂಪುಗಳಲ್ಲಿ ಆಟಕ್ಕೆ ಮುಂಚೆ ಒಂದು ಕೆಲಸ ಮಾಡಿದರು. ಪ್ರತಿಯೊಬ್ಬ ಹುಡುಗನ ಹೆಸರು, ಊರು, ಅಪ್ಪನ ಹೆಸರು, ತಾತನ ಹೆಸರು, ಆಮೇಲೆ ಜಾತಿ, ಇಷ್ಟನ್ನು ಎಲ್ಲರೆದುರು ಓದಿ ಹೇಳಿದರು. ಅಷ್ಟೇ. ಯಾರೂ ಯಾರನ್ನೂ ಬೈಯಲಿಲ್ಲ, ಹೀಯಾಳಿಸಲಿಲ್ಲ. ಆದರೆ ಕೆಳಜಾತಿಯ ಹುಡುಗರು ಬಿಡಿಸಿದ ವ್ಯೂಹಗಳ ಸಂಖ್ಯೆ ಸುಮಾರು ಐದನೇ ಒಂದು ಭಾಗಕ್ಕಿಂತಲೂ ಹೆಚ್ಚು ಕುಸಿಯಿತು. ಪೆನ್ಸಿಲ್ ಅದೇ, ಕಾಗದ ಅದೇ, ಕೈಯೂ ಅದೇ.

ಇಲ್ಲಿಗೇ ನಿಲ್ಲಿಸಿದರೆ ನಮ್ಮ ಮೇಷ್ಟ್ರುಗಳು ‘ನೋಡಿ, ನಾವು ಹೇಳಿದ್ದೂ ಅದೇ ತಾನೆ, ಕೀಳರಿಮೆ!’ ಅನ್ನಬಹುದು. ಆದ್ದರಿಂದ ಮುಂದಿನ ಭಾಗವನ್ನು ಗಮನವಿಟ್ಟು ನೋಡಬೇಕು. ಬಹುಮಾನ ನಿರ್ಧರಿಸುವುದರಲ್ಲಿ ಮನುಷ್ಯರನ್ನು ಬಿಟ್ಟು ಚೀಟಿ ಎತ್ತುವಂಥ ಅದೃಷ್ಟದ ಅಂಶವನ್ನು ಸೇರಿಸಿದಾಗ, ಜಾತಿ ಹೇಳಿದ ಮೇಲೂ ಆ ಅಂತರ ಕಾಣೆಯಾಯಿತು. ಅದೇ ಸಂಶೋಧಕರ ಎರಡನೆಯ ಪ್ರಯೋಗ ಇನ್ನೂ ಸ್ಪಷ್ಟ. ಕೆಲಸಕ್ಕೂ ಕೂಲಿಗೂ ನಡುವಿನ ಸಂಬಂಧ ಯಾಂತ್ರಿಕವಾಗಿದ್ದಾಗ, ಅಂದರೆ ಮಾಡಿದಷ್ಟಕ್ಕೆ ಲೆಕ್ಕ ಎಂದಾಗ, ಜಾತಿ ಹೇಳಿದರೂ ಹುಡುಗರ ನಡವಳಿಕೆ ಬದಲಾಗಲಿಲ್ಲ. ಪ್ರತಿಫಲ ಕೊಡುವವರ ವಿವೇಚನೆಗೆ, ಅವರ ಮರ್ಜಿಗೆ ಜಾಗವಿದ್ದಾಗ ಮಾತ್ರ ಬದಲಾಯಿತು.

ಈ ಎರಡನ್ನೂ ಸೇರಿಸಿ ಓದಿದರೆ ಏನು ಹೊಳೆಯುತ್ತದೆ? ಕೀಳರಿಮೆ ಹುಡುಗನ ಒಳಗೇ ಕೂತಿದ್ದರೆ ಅದು ಚೀಟಿ ಎತ್ತುವಾಗಲೂ ಅಲ್ಲೇ ಇರಬೇಕಿತ್ತು. ಬಹುಮಾನ ಹಂಚುವ ವಿಧಾನ ಬದಲಾದ ಮಾತ್ರಕ್ಕೆ ಅದು ಹೇಗೆ ಎದ್ದು ಹೋಗುತ್ತದೆ? ಹುಡುಗ ಅನುಮಾನಿಸುತ್ತಿರುವುದು ತನ್ನನ್ನಲ್ಲ, ತನ್ನನ್ನು ಅಳೆಯುವವರನ್ನು. ‘ಜಾತಿ ಗೊತ್ತಾಯ್ತು, ಇನ್ನು ಎಷ್ಟು ಮಾಡಿದರೇನು’ ಎಂಬ ಲೆಕ್ಕಾಚಾರ ಅದು. ಸಂಶೋಧಕರು ಇದನ್ನು ಅಪನಂಬಿಕೆ ಎಂದೇ ಕರೆದರು. ಮೌಲ್ಯಮಾಪನ ಮಾಡುವವರು ನಿಜಕ್ಕೂ ಜಾತಿ ನೋಡುವವರಾಗಿದ್ದರೆ ಈ ಅಪನಂಬಿಕೆ ವಿವೇಕದ್ದೇ ಆಗಿರಬಹುದು ಎಂದೂ ಸೇರಿಸಿದರು.

ಹಾಗೆ ನೋಡುವವರಿದ್ದಾರೆಯೇ? ಸುಖದೇವ್ ಥೋರಟ್ ಮತ್ತು ಪಾಲ್ ಅಟೆವೆಲ್ ಖಾಸಗಿ ಕಂಪನಿಗಳ 548 ಜಾಹೀರಾತುಗಳಿಗೆ 4,808 ಅರ್ಜಿ ಹಾಕಿ ನೋಡಿದ ಅಧ್ಯಯನ 2007ರಲ್ಲಿ ಪ್ರಕಟವಾಯಿತು. ಓದು ಒಂದೇ ಮಟ್ಟದ್ದಾಗಿದ್ದರೂ, ಮೇಲ್ಜಾತಿಯ ಹೆಸರಿನ ಅರ್ಜಿಗಿಂತ ದಲಿತ ಹೆಸರಿನ ಅರ್ಜಿಗೆ ಕರೆ ಬರುವ ಸಾಧ್ಯತೆ ಕಡಿಮೆಯಿತ್ತು. ರೆಮಾ ಹನ್ನಾ ಮತ್ತು ಲೀ ಲಿಂಡೆನ್ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಕ್ಕಳ ಉತ್ತರಪತ್ರಿಕೆಗಳ ಮುಖಪುಟದ ಮೇಲೆ ವಯಸ್ಸು, ಲಿಂಗ, ಜಾತಿಗಳನ್ನು ಮನಬಂದಂತೆ ಹಂಚಿ ಶಿಕ್ಷಕರ ಕೈಗೆ ಕೊಟ್ಟಿದ್ದರು. ಕೆಳಜಾತಿ ಎಂದು ಬರೆದ ಪತ್ರಿಕೆಗಳಿಗೆ ಸ್ವಲ್ಪವೇ ಆದರೂ ಕಡಿಮೆ ಅಂಕ ಬಿತ್ತು. ನಾವು ಚಳವಳಿಯವರು ನುಂಗಲಾರದ ಮಾತೊಂದು ಅಲ್ಲೇ ಇದೆ. ಈ ತಾರತಮ್ಯ ಹೆಚ್ಚಾಗಿ ಕಂಡದ್ದು ಕೆಳಜಾತಿಯಿಂದಲೇ ಬಂದ ಶಿಕ್ಷಕರಲ್ಲಿ. ಇದನ್ನು ಮುಚ್ಚಿಡಬಾರದು. ನಮ್ಮವರು ಮೇಜಿನ ಆಚೆ ಬದಿಗೆ ಹೋಗಿ ಕೂತ ಮಾತ್ರಕ್ಕೆ ಮೇಜು ಬದಲಾಗುವುದಿಲ್ಲ. ಅಳತೆಗೋಲನ್ನು ಯಾರು ಹಿಡಿದಿದ್ದಾರೆ ಎಂಬುದರ ಜೊತೆಗೆ, ಆ ಕೋಲು ಹಿಡಿದವರ ಕೈಯನ್ನು ಹೇಗೆ ತಿದ್ದುತ್ತದೆ ಎಂಬುದನ್ನೂ ಕೇಳಬೇಕು.

ಪ್ರಯೋಗದ ಮಿತಿಗಳನ್ನೂ ಹೇಳಬೇಕು. ಹಾಫ್-ಪಾಂಡೆಯವರ ಪ್ರಯೋಗದಲ್ಲಿ ಇದ್ದವರು ಹುಡುಗರು ಮಾತ್ರ. ಕೇರಿಯ ಹೆಣ್ಣುಮಗುವಿನ ಅನುಭವ ಅಲ್ಲಿಲ್ಲ. ಉತ್ತರ ಪ್ರದೇಶದ ಹಳ್ಳಿಯನ್ನು ಎತ್ತಿ ತಂದು ಮಂಡ್ಯದಲ್ಲೋ ರಾಯಚೂರಿನಲ್ಲೋ ಇಡಲೂ ಬಾರದು. ಆದರೆ ಆ ಪ್ರಶ್ನೆ ಇಲ್ಲಿಯದೂ ಹೌದು. ‘ಎಸ್ಸಿ ಎಸ್ಟಿಯವರು ಎದ್ದು ನಿಲ್ಲಿ’ ಎಂದು ತರಗತಿಯ ಬಾಗಿಲಲ್ಲಿ ನಿಂತು ಕೂಗುವುದನ್ನು ನಾನು ವಿದ್ಯಾರ್ಥಿಯಾಗಿಯೂ ಕೇಳಿದ್ದೇನೆ, ಉಪನ್ಯಾಸಕನಾದ ಮೇಲೂ ಕೇಳಿದ್ದೇನೆ. ವಿದ್ಯಾರ್ಥಿವೇತನದ ಅರ್ಜಿ ಆನ್‌ಲೈನ್ ಆದ ಮೇಲೆ ಕೂಗು ಕಡಿಮೆಯಾಗಿದೆ, ಪಟ್ಟಿ ವಾಟ್ಸಾಪ್ ಗುಂಪಿಗೆ ಬಂದು ಬೀಳುತ್ತದೆ. ಆ ಪಟ್ಟಿ ಬಿದ್ದ ಮರುದಿನ ಅದೇ ಮಕ್ಕಳಿಗೆ ಸೆಮಿನಾರ್ ಇರುತ್ತದೆ.

ಹಾಗಾದರೆ ಜಾತಿಯನ್ನು ಮುಚ್ಚಿಡಬೇಕೆ? ಕೆಲವು ಗೆಳೆಯರು ಈ ಪ್ರಯೋಗದಿಂದ ಇದೇ ತೀರ್ಮಾನಕ್ಕೆ ಬರುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಪ್ರಯೋಗದಲ್ಲಿ ಜಾತಿ ಹೇಳಿದ್ದು ಹುಡುಗನಲ್ಲ, ಅವನ ಮೇಲೆ ಅಧಿಕಾರವಿದ್ದ ಇನ್ನೊಬ್ಬರು. ‘ದಲಿತ’ ಎಂದು ತಾನೇ ಹೇಳಿಕೊಳ್ಳುವುದು ಬೇರೆ, ಹಾಜರಿ ಪುಸ್ತಕ ಹಿಡಿದವರು ಹೇಳುವುದು ಬೇರೆ. ಅರವಿಂದ ಮಾಲಗತ್ತಿಯವರು 1994ರಲ್ಲಿ ತಮ್ಮ ಆತ್ಮಕಥನಕ್ಕೆ ‘ಗೌರ್ಮೆಂಟ್ ಬ್ರಾಹ್ಮಣ’ ಎಂದು ಹೆಸರಿಟ್ಟಾಗ, ಬೇರೆಯವರು ಎಸೆದ ಕೊಂಕಿನ ಮಾತನ್ನೇ ಎತ್ತಿಕೊಂಡು ಮುಖಪುಟಕ್ಕೆ ಹಾಕಿದರು. ಹೆಸರಿಡುವ ಅಧಿಕಾರ ಕೈ ಬದಲಾಯಿಸಿದ್ದು ಅಲ್ಲಿ. ಅಲ್ಲದೆ ಮುಚ್ಚಿಡುವ ಹೊರೆಯನ್ನು ಮತ್ತೆ ದಲಿತ ಹುಡುಗನ ತಲೆ ಮೇಲೇ ಹೊರಿಸುವುದು ಯಾವ ನ್ಯಾಯ?

ನಾವು ಕೇಳಬೇಕಾದದ್ದು ಮರ್ಜಿಯ ಜಾಗಗಳ ಬಗ್ಗೆ. ಲಿಖಿತ ಪರೀಕ್ಷೆಯ ಉತ್ತರಪತ್ರಿಕೆಗೆ ಕೋಡ್ ನಂಬರ್ ಹಾಕಬಹುದು. ಇಂಟರ್ನಲ್ ಅಂಕ, ವೈವಾ, ಪಿಎಚ್‌ಡಿ ಸಂದರ್ಶನಗಳಲ್ಲಿ ಮುಖ, ಹೆಸರು, ಮಾತಿನ ಧಾಟಿ ಎಲ್ಲವೂ ಎದುರಿಗಿರುತ್ತವೆ. ಅಲ್ಲಿ ಯಾವ ಮಾನದಂಡಕ್ಕೆ ಎಷ್ಟು ಅಂಕ ಎಂದು ಮೊದಲೇ ಬರೆದು ಅಂಟಿಸಬೇಕು. ಕೊಟ್ಟ ಅಂಕಕ್ಕೆ ಕಾರಣ ಬರೆಯಬೇಕು, ಕೇಳಿದವರಿಗೆ ತೋರಿಸಬೇಕು. ವಿದ್ಯಾರ್ಥಿ ಸಂಘಟನೆಗಳು ಇದನ್ನು ಬೇಡಿಕೆಯಾಗಿ ಇಡಬಹುದು, ಉಪನ್ಯಾಸಕರು ಯಾರೂ ಕೇಳುವ ಮೊದಲೇ ಮಾಡಬಹುದು. ನಾನು ಇಂಟರ್ನಲ್ ಅಂಕಗಳನ್ನು ಹಾಗೆಯೇ ಕೊಡುತ್ತಿದ್ದೇನೆ. ಕೆಲಸ ಹೆಚ್ಚಾಗುತ್ತದೆ, ನಿಜ. ಆದರೆ ಅಂಕ ಯಾಕೆ ಹೋಯಿತು ಎಂದು ಕೇಳಲು ಮಕ್ಕಳು ಮೇಜಿನ ತನಕ ಬರುತ್ತಾರೆ.

ವಿಮರ್ಶೆಗೂ ಇದರಲ್ಲಿ ಪಾಠವಿದೆ. ಸತಾರಾದ ಶಾಲೆಯಲ್ಲಿ ತನ್ನದೇ ಗೋಣಿತಟ್ಟಿನ ಮೇಲೆ ಪ್ರತ್ಯೇಕವಾಗಿ ಕೂತ ಬಾಲಕ ಅಂಬೇಡ್ಕರ್ ಮುಂದೆ ತಮ್ಮ ನೆನಪುಗಳನ್ನು ಬರೆದಾಗ, ತನ್ನ ಮನಸ್ಸು ಹೇಗಿತ್ತು ಎಂಬುದಕ್ಕಿಂತ ಹೆಚ್ಚಾಗಿ ಆ ಗೋಣಿತಟ್ಟನ್ನು ಯಾರು ಮುಟ್ಟುತ್ತಿರಲಿಲ್ಲ, ಜವಾನ ಇಲ್ಲದ ದಿನ ನೀರು ಯಾಕೆ ಸಿಗುತ್ತಿರಲಿಲ್ಲ ಎಂಬುದನ್ನು ಹೇಳಿದರು. ಅಂದರೆ ವ್ಯವಸ್ಥೆಯ ಕೆಲಸದ ಕ್ರಮವನ್ನು ಬರೆದರು. ದಲಿತ ಪಠ್ಯವೊಂದರಲ್ಲಿ ಯಾರಾದರೂ ಮೌನವಾದರೆ ‘ಇವನಿಗೇನಾಗಿದೆ’ ಎಂದು ಕೇಳುವ ಮೊದಲು, ಆ ಹೊತ್ತಿನಲ್ಲಿ ಅವನೆದುರು ಅಂಕ ಹಾಕಲು ಕೂತವರು ಯಾರು, ಅವರ ಕೈಯಲ್ಲಿ ಏನಿತ್ತು ಎಂದು ಕೇಳೋಣ. ‘ಕೀಳರಿಮೆ’ ಪದವನ್ನು ಬಳಸಲೇಬೇಕಾದರೆ, ಈ ಎರಡು ಪ್ರಶ್ನೆಗಳಿಗೆ ಉತ್ತರ ಬರೆದ ಮೇಲೆ ಬಳಸೋಣ.