ಗುಡ್ಡೆ ಟೊಮೆಟೊ, ಕಾಲು ಕೆಜಿ ಬೀನ್ಸ್

ಸಂಜೆ ಐದೂವರೆಯಾದರೆ ಬೆಂಗಳೂರಿನ ಪೀಣ್ಯದ ಗಾರ್ಮೆಂಟ್ಸ್ ಗೇಟಿನೆದುರು ಸಣ್ಣ ಸಂತೆಯೇ ನೆರೆಯುತ್ತದೆ. ಒಂದು ತಳ್ಳುಗಾಡಿಯಲ್ಲಿ ತರಕಾರಿ, ಇನ್ನೊಂದರಲ್ಲಿ ಸೊಪ್ಪು, ಮಗದೊಂದರಲ್ಲಿ ಬೋಂಡಾ ಬೇಯುವ ಬಾಣಲೆ. ಗೇಟು ತೆರೆದದ್ದೇ ತಡ, ಹೆಂಗಸರು ಬಿರಬಿರನೆ ಹೊರಬರುತ್ತಾರೆ. ಚೂಡಿದಾರದ ಮೇಲೆ ದಾರದ ಚೂರುಗಳು ಇನ್ನೂ ಅಂಟಿಕೊಂಡಿವೆ.

‘ಬೀನ್ಸ್ ಹೆಂಗಣ್ಣ?’

‘ಕಾಲು ಕೆಜಿ ಇಪ್ಪತ್ತೈದು ಅಕ್ಕ.’

ಬೀನ್ಸ್ ಮುಟ್ಟಿದ್ದ ಕೈ ಟೊಮೆಟೊ ಗುಡ್ಡೆಯತ್ತ ಹೊರಳುತ್ತದೆ. ಅಡಿಯಲ್ಲಿ ಎರಡು ಹಣ್ಣು ಮೆತ್ತಗಾಗಿರುವುದು ಮಾರುವವನಿಗೂ ಗೊತ್ತು, ಕೊಳ್ಳುವವಳಿಗೂ ಗೊತ್ತು. ತಿಳಿಸಾರಿಗೆ ಅಷ್ಟು ಸಾಕು.

ಸೊಪ್ಪಿನ ಗಾಡಿಯ ಹತ್ತಿರ ಕುಣಿಗಲ್ ಕಡೆಯವರೊಬ್ಬರು ನಿಂತಿದ್ದಾರೆ. ‘ನಮ್ಮೂರಲ್ಲಿ ಸೊಪ್ಪಿಗೆ ಯಾರು ದುಡ್ ಕೊಡ್ತಾರೆ ಸಾರ್?’ ಎಂದು ನನ್ನನ್ನೇ ಕೇಳುತ್ತಾರೆ. ಮಳೆ ಬಿದ್ದ ಮೇಲೆ ಹೊಲದ ಬದುವಿನಲ್ಲಿ ಅಣ್ಣೆ, ಹೊನಗೊನ್ನೆ, ಗೋಣಿ, ಕಿರಕಸಾಲೆ. ಮಡಿಲು ತುಂಬ ಕಿತ್ತು ತಂದರೆ ಬೆರಕೆ ಸೊಪ್ಪಿನ ಬಸ್ಸಾರು, ಜೊತೆಗೆ ಮನೆಯ ರಾಗಿಯ ಮುದ್ದೆ. ಅಲ್ಲೂ ಬಡತನವಿತ್ತು, ಆ ಕಾಲವನ್ನು ಸ್ವರ್ಗ ಮಾಡಬೇಕಿಲ್ಲ. ಆದರೆ ಸೊಪ್ಪಿಗೆ ಕೈಚೀಲ ಬಿಚ್ಚಬೇಕಿರಲಿಲ್ಲ. ಇಲ್ಲಿ ಕಟ್ಟು ಅಗ್ಗವಾದ ದಿನವೂ ಅದನ್ನು ಬಿಡಿಸಿ, ಮಣ್ಣು ತೊಳೆಯಲು ಅರ್ಧ ಗಂಟೆ ಬೇಕು. ದಿನವಿಡೀ ಟಾರ್ಗೆಟ್ಟಿನ ಹಿಂದೆ ಓಡಿದವರಿಗೆ ಆ ಅರ್ಧ ಗಂಟೆಯೇ ದುಬಾರಿ. ಬಾಣಲೆಯ ಸುತ್ತ ಜನ ಮುತ್ತುವುದು ಬರೀ ನಾಲಿಗೆಯ ಚಪಲಕ್ಕಲ್ಲ.

ಅಕ್ಕಿಯ ಚಿಂತೆ ಇವರಲ್ಲಿ ಅನೇಕರಿಗಿಲ್ಲ. 2013ರಲ್ಲಿ ಶುರುವಾದ ಅನ್ನಭಾಗ್ಯ ಆ ಮಟ್ಟಿಗೆ ದೊಡ್ಡ ಉಪಕಾರ. ಅನ್ನದ ಪಕ್ಕಕ್ಕೆ ಬೀಳಬೇಕಾದ ಬೇಳೆ, ಪಲ್ಯ, ಹಣ್ಣು ಮಾತ್ರ ರೊಕ್ಕ ಕೇಳುತ್ತವೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೇಳಿದ ತಟ್ಟೆಯಲ್ಲಿ ಒಬ್ಬರಿಗೆ ದಿನಕ್ಕೆ ಸೊಪ್ಪು ತರಕಾರಿಯೇ 400 ಗ್ರಾಂ, ಹಣ್ಣು 100 ಗ್ರಾಂ. ಇಲ್ಲಿ ಕಾಲು ಕೆಜಿ ಕೊಂಡವರು ಇಡೀ ಮನೆಗೆ ಬಡಿಸಬೇಕು.

‘ಮಧ್ಯಾಹ್ನದ ಮೇಲೆ ಮಿಷಿನ್ ಮುಂದೆ ತಲೆ ಸುತ್ತುತ್ತೆ. ಒಂದ್ ಟೀ ಕುಡಿದ್ರೆ ಸರಿಹೋಗುತ್ತೆ’ ಎನ್ನುತ್ತಾಳೆ ಪಕ್ಕದ ಹುಡುಗಿ. ಊಟದ ಬೆನ್ನಿಗೇ ಕುಡಿದ ಟೀ, ಊಟದಲ್ಲಿದ್ದಷ್ಟು ಕಬ್ಬಿಣದ ಅಂಶವನ್ನೂ ಪೂರ್ತಿ ಮೈಗೆ ಹತ್ತಗೊಡುವುದಿಲ್ಲ. ಅದನ್ನು ಅವಳಿಗೆ ಹೇಳಲು ನನಗೆ ಬಾಯಿ ಬರಲಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ 47.8ರಷ್ಟು ಮಂದಿಗೆ ರಕ್ತಹೀನತೆ. ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 65.5.

ಕುಣಿಗಲ್‌ನವರು ಕೊನೆಗೂ ಒಂದು ಕಟ್ಟು ದಂಟು ಆರಿಸಿ, ಕೊಸರಿಗೆ ನಾಲ್ಕು ಎಸಳು ಕರಿಬೇವು ಗಿಟ್ಟಿಸಿದರು. ಹೆಂಗಸರಿಗೆ ಪುಕ್ಕಟೆ ಬಸ್ಸಿನ ಶಕ್ತಿ ಯೋಜನೆ ಬಂದ ಮೇಲೆ ಬಸ್ ಚಾರ್ಜು ಉಳಿಯುತ್ತಲ್ಲ, ಹಣ್ಣಿಗೆ ಆಗುತ್ತಾ ಎಂದು ಕೇಳಿದೆ.

‘2025ರ ಏಪ್ರಿಲ್‌ನಲ್ಲಿ ಹಾಲು ಲೀಟರಿಗೆ ನಾಲ್ಕ್ ರೂಪಾಯಿ ಜಾಸ್ತಿ ಆಯ್ತಲ್ಲ ಸಾರ್, ಅಲ್ಲಿಗೆ ಹೋಯ್ತು’ ಎನ್ನುತ್ತ ಬಸ್ಸಿನತ್ತ ಓಡಿದರು.