ನಿಮಗಿದು ಗೊತ್ತೆ? ಅರ್ಧ ವೃತ್ತದಿಂದ ಆಲಿಕೆ
ಕಡೂರು, ತರೀಕೆರೆ, ಅಜ್ಜಂಪುರದ ತೆಂಗು-ಅಡಿಕೆ ಸೀಮೆಗೆ ಎಣ್ಣೆ ಸುರಿಯುವ ತಗಡಿನ ಆಲಿಕೆ ಹೊಸದೇನಲ್ಲ. ಅದರ ಬಾಯಿಯ ಅಗಲ 20 ಸೆಂ.ಮೀ., ಓರೆ ಅಂಚಿನ ಉದ್ದವೂ 20 ಸೆಂ.ಮೀ. ಎಂದಿಟ್ಟುಕೊಳ್ಳಿ. ತಗಡಿನ ಮೇಲೆ ಡಿವೈಡರ್‌ನಿಂದ 20 ಸೆಂ.ಮೀ. ತ್ರಿಜ್ಯದ ಅರ್ಧ ವೃತ್ತ ಗೀಚಿ, ಕತ್ತರಿಸಿ ಸುತ್ತಿದರೆ ಸರಿಯಾಗಿ ಅದೇ ಅಳತೆಯ ಶಂಕು! ತುದಿ ಕತ್ತರಿಸಿ ಕೊಳವೆ ಬೆಸೆದರಾಯಿತು. ಶಾಲೆಯ ರೇಖಾಗಣಿತ ಇಷ್ಟು ಚೆಂದವಾಗಿ ಕೈಗೆ ಸಿಗುವುದು ಅಪರೂಪ. ಕಲಿಯುವವರು ಗಮನಿಸಬೇಕಾದ್ದು ಮಡಿಕೆಯ ಲೆಕ್ಕ. ಎರಡು ಅಂಚುಗಳನ್ನು ಕೊಕ್ಕೆಯಾಗಿ ಮಡಚಿ, ಒಂದಕ್ಕೊಂದು ಸಿಕ್ಕಿಸಿ ತಟ್ಟುವ ಜೋಡಣೆಗೆ ಅದರ ಅಗಲದ ಮೂರು ಪಟ್ಟು ತಗಡು ಹೆಚ್ಚಿಗೆ ಬಿಡಬೇಕು. 6 ಮಿ.ಮೀ. ಜೋಡಣೆಗೆ 18 ಮಿ.ಮೀ. ಬೇಕು. ತಗಡು ಕೊಳ್ಳುವಾಗ ನೆನಪಿರಲಿ: ಗೇಜ್ ಸಂಖ್ಯೆ ಏರಿದಷ್ಟೂ ತಗಡು ತೆಳು. ಈ ಕೆಲಸ ಕಲಿಸುವ ಐಟಿಐಗಳ ‘ಶೀಟ್ ಮೆಟಲ್ ವರ್ಕರ್’ ತರಬೇತಿ 1 ವರ್ಷದ್ದು.