ಕಾವಲಿಗೂ ಕಾವಲು ಬೇಕು

೨೦೧೬ನೆಯ ಇಸವಿ ಸೆಪ್ಟೆಂಬರ್ ೧೮ನೆಯ ತಾರೀಖು, ಭಾನುವಾರ. ಕಾಶ್ಮೀರದ ಬಾರಾಮುಲ್ಲಾ ಜಿಲ್ಲೆಯಲ್ಲಿ ಗಿರಿಗಳಿಂದ ಸುತ್ತುವರಿದ ಉರಿ ಎಂಬ ಗಡಿಯೂರಿನ ಸೇನಾ ಶಿಬಿರವನ್ನು, ಸಿಪಾಯಿಗಳು ಇನ್ನೂ ನಿದ್ರೆಯಲ್ಲಿದ್ದಾಗಲೇ, ನಾಲ್ವರು ಶಸ್ತ್ರಧಾರಿಗಳು ಹೊಕ್ಕರು. ಕೈಬಾಂಬುಗಳು ಸಿಡಿದವು, ಬಟ್ಟೆಯ ಡೇರೆಗಳು ಹೊತ್ತಿಕೊಂಡವು. ಆ ನಾಲ್ವರೂ ಹತರಾದರು, ನಿಜ. ಆದರೆ ನಮ್ಮ ೧೯ ಮಂದಿ ಯೋಧರು ಅಸುನೀಗಿದರು. ಅವರಲ್ಲಿ ಬಹುಮಂದಿಯನ್ನು ಕೊಂದುದು ಗುಂಡಲ್ಲ, ಬೆಂಕಿ. ಕನ್ನಡಿಗರ ಕಿವಿಗೆ ಆ ಊರಿನ ಹೆಸರು ಇಂದಿಗೂ ಸುಡುತ್ತದೆ.

ಡೋಗ್ರಾ ರೆಜಿಮೆಂಟಿನ ಪಡೆ ಹೊರಡುವುದಕ್ಕೂ ಬಿಹಾರ ರೆಜಿಮೆಂಟಿನ ಪಡೆ ಅದರ ಸ್ಥಾನಕ್ಕೆ ಬರುವುದಕ್ಕೂ ನಡುವಣ ಸಂಧಿಕಾಲವದು. ಇದ್ದವರೂ ಬಂದವರೂ ಒಂದೆಡೆ ಸೇರಿದ್ದರಿಂದ ಅನೇಕರು ಡೇರೆಗಳಲ್ಲಿ ಮಲಗಬೇಕಾಗಿತ್ತು. ಹೊಸಬರಿಗೆ ನೆಲದ ಪರಿಚಯವಿಲ್ಲ. ಹಳಬರ ಮನಸ್ಸು ಪ್ರಯಾಣದ ಮೇಲೆ. ಶತ್ರುವಿಗೆ ಇದಕ್ಕಿಂತ ಒಳ್ಳೆಯ ಗಳಿಗೆ ಯಾವುದು?

ಇದು ಅನಿರೀಕ್ಷಿತವಾದ ಆಪತ್ತೆಂದು ಹೇಳುವಂತಿಲ್ಲ. ಅದೇ ವರ್ಷದ ಜನವರಿಯಲ್ಲಿ ಪಠಾಣಕೋಟೆಯ ವಿಮಾನನೆಲೆಯ ಮೇಲೆ ದಾಳಿಯಾಗಿ, ಬೆಂಗಳೂರಿನಲ್ಲಿ ಬೆಳೆದ ಲೆಫ್ಟಿನೆಂಟ್ ಕರ್ನಲ್ ನಿರಂಜನರನ್ನೂ ಇತರ ವೀರರನ್ನೂ ನಾವು ಕಳೆದುಕೊಂಡಿದ್ದೆವು. ಆಗ ಸರ್ಕಾರದವರು ನಿವೃತ್ತ ಲೆಫ್ಟಿನೆಂಟ್ ಜನರಲ್ ಫಿಲಿಪ್ ಕಾಂಪೋಸರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿದರು. ಸಮಿತಿಯು ಮೇ ತಿಂಗಳಲ್ಲಿ ವರದಿಯನ್ನೊಪ್ಪಿಸಿತು. ನಾಲ್ಕು ತಿಂಗಳ ತರುವಾಯ ಉರಿ. ನವೆಂಬರ್ ೨೯ರಂದು ನಗ್ರೋಟಾ. ಅಲ್ಲಿ ಮಡಿದ ಏಳು ಮಂದಿಯಲ್ಲಿ ಬೆಂಗಳೂರಿನ ಮೇಜರ್ ಅಕ್ಷಯ್ ಗಿರೀಶ್ ಕುಮಾರರೂ ಒಬ್ಬರು. ಶಿಬಿರಗಳ ಬೇಲಿ, ಗೋಡೆ, ಕಾವಲು ಸಲಕರಣೆಗಳನ್ನು ಭದ್ರಪಡಿಸುವುದಕ್ಕಾಗಿ ೧,೪೮೭ ಕೋಟಿ ರೂಪಾಯಿ ಮಂಜೂರಾದುದು ೨೦೧೮ರ ಫೆಬ್ರವರಿಯಲ್ಲಿ, ಜಮ್ಮುವಿನ ಸುಂಜ್ವಾನ್ ಶಿಬಿರದ ಮೇಲೂ ದಾಳಿ ನಡೆದ ಮೇಲೆ! ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರೆಂಬ ಗಾದೆಗೆ ಇದಕ್ಕಿಂತ ಬೇರೆ ನಿದರ್ಶನ ಬೇಕೆ?

ಉರಿಯ ದಾಳಿಯಾದ ಹನ್ನೊಂದು ದಿನಗಳಲ್ಲಿ ನಮ್ಮ ಸೈನಿಕರು ನಿಯಂತ್ರಣ ರೇಖೆಯನ್ನು ದಾಟಿ ಪ್ರತೀಕಾರ ಮಾಡಿದರು. ಆ ಸಾಹಸಕ್ಕೆ ದೇಶವೆಲ್ಲ ಹೆಮ್ಮೆಪಟ್ಟಿತು, ನಾವೂ ಪಟ್ಟೆವು. ಆದರೆ ಪ್ರತೀಕಾರಕ್ಕೆ ಜಯಘೋಷವುಂಟು. ಬೇಲಿಗೆ ಜಯಘೋಷ ಮಾಡುವವರಾರು? ಬೆಂಕಿ ತಗಲದ ಡೇರೆಗೆ, ಇರುಳಿನಲ್ಲಿಯೂ ಕಾಣುವ ದುರ್ಬೀನಿಗೆ, ಸಕಾಲದಲ್ಲಿ ಬದಲಾಗುವ ಪಹರೆಗೆ ಮೆರವಣಿಗೆಯಿಲ್ಲ. ಆದರೆ ಮಲಗಿದವನು ಬೆಳಗ್ಗೆ ಎದ್ದೇಳುವುದು ಅವುಗಳಿಂದಲೇ.

ಗಡಿಯನ್ನು ಕಾಯುವವನ ಧೈರ್ಯ ನಮ್ಮ ಸೊತ್ತು. ಅವನ ನಿದ್ರೆ ನಮ್ಮ ಹೊಣೆ. ಹುತಾತ್ಮರ ಗುಣಗಾನ ಮಾಡಿ ಕೈತೊಳೆದುಕೊಳ್ಳುವುದು ಸುಲಭ. ವಾಚಕರಲ್ಲಿ ನಮ್ಮ ವಿನಂತಿಯಿಷ್ಟೆ: ಮುಂದೆ ಸಮಿತಿಯೊಂದು ವರದಿಯನ್ನೊಪ್ಪಿಸಿತೆಂದು ಕೇಳಿದಾಗ, ಅದು ಕಾರ್ಯಗತವಾಗುವ ತಾರೀಖು ಯಾವುದೆಂದು ತಮ್ಮ ಪ್ರತಿನಿಧಿಗಳನ್ನು ಬಿಡದೆ ಕೇಳಿರಿ. ವರದಿಯು ಕಪಾಟಿನಲ್ಲಿ ಕಳೆಯುವ ಒಂದೊಂದು ತಿಂಗಳಿಗೂ ಬೆಲೆ ತೆರುವವರು ಡೇರೆಯಲ್ಲಿ ಮಲಗಿರುವವರು.